ಹೈದರಾಬಾದು ವಿಮಾನದಳವೂ ಬ್ಯೋಲ್ಕೆಯ ಯುದ್ಧವಿದ್ಯೆಯೂ

೧

ಕೃಷ್ಣಾ ತುಂಗಭದ್ರಾ ನದಿಗಳ ನಡುವೆ ಹಬ್ಬಿರುವ ರಾಯಚೂರು ದೋಆಬವು ದಕ್ಷಿಣಾಪಥದ ಇತಿಹಾಸದಲ್ಲಿ ರಣರಂಗವೆಂದೇ ಹೆಸರಾದ ನಾಡು. ಮಾನ್ವಿ ತಾಲ್ಲೂಕಿನ ಕುರ್ಡಿ ಮೊದಲಾದ ಗ್ರಾಮಗಳು ಈ ಪ್ರಾಂತಕ್ಕೆ ಸೇರಿದುವು. ೧೯೪೮ರ ಸೆಪ್ಟೆಂಬರಿನವರೆಗೆ ಅವು ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದು, ೧೯೫೬ರಲ್ಲಿ ಭಾಷಾನುಸಾರವಾಗಿ ಪ್ರಾಂತರಚನೆಯಾದಾಗ ಮೈಸೂರು ರಾಜ್ಯವನ್ನು ಕೂಡಿದುವು. ಜೋಳ ಹತ್ತಿಗಳನ್ನು ಬೆಳೆವ ಇಂತಹ ಊರುಗಳಿಗೂ ೧೯೧೮ರಲ್ಲಿ ಜರ್ಮನಿಯ ಆಕಾಶದಲ್ಲಿ ನಡೆದ ವಿಮಾನಕಾಳಗಕ್ಕೂ ಸಂಬಂಧವುಂಟೆಂದರೆ ಮೊದಲಿಗೆ ಆಶ್ಚರ್ಯವಾದೀತು. ಆ ಸಂಬಂಧವು ಹಣದ ಮೂಲಕ ಏರ್ಪಟ್ಟುದು. ಹಣದ ಸಂಬಂಧವು ರಕ್ತದ ಸಂಬಂಧದಂತೆ ಕಣ್ಣಿಗೆ ಕಾಣುವುದಿಲ್ಲವಾದುದರಿಂದ ಬೇಗನೆ ಮರೆತುಹೋಗುತ್ತದೆ.

ಲಂಡನ್ನಿನ ಹೆಂಡನ್ ಎಂಬಲ್ಲಿ ಬ್ರಿಟಿಷ್ ವಾಯುಸೇನೆಯ ವಸ್ತುಸಂಗ್ರಹಾಲಯವಿದೆ. ಅದಕ್ಕೆ ಸೇರಿದ ಡಿ. ಹೆಚ್. ೯ಎ ಜಾತಿಯ ಹಳೆಯ ಬಾಂಬುವಿಮಾನವೊಂದರ ಮೇಲೆ ಹೈದರಾಬಾದಿನ ಹೆಸರೂ ಅದನ್ನು ಕೊಡುಗೆಯಾಗಿ ಕೊಟ್ಟ ನಿಜಾಮರ ಬಿರುದೂ ಬರೆಯಲ್ಪಟ್ಟಿವೆ. ಅದು ನೂರಹತ್ತನೆಯ ಸ್ಕ್ವಾಡ್ರನ್ನಿನ, ಎಂದರೆ 'ಹೈದರಾಬಾದು ದಳ'ದ, ವಿಮಾನ. ಈ ದಳವು ರಣಕ್ಕಿಳಿದುದು ಎರಡೇ ತಿಂಗಳ ಕಾಲ. ಆ ಅಲ್ಪಾವಧಿಯಲ್ಲಿಯೇ ಅದು ಬಹು ದೊಡ್ಡ ನಷ್ಟಕ್ಕೆ ಗುರಿಯಾಯಿತು. ಆ ನಷ್ಟದ ಕಾರಣವನ್ನು ತಿಳಿಯಬೇಕಾದರೆ ಎರಡು ಕಥೆಗಳನ್ನು ಜೊತೆಯಾಗಿ ಓದಬೇಕು: ದಳಕ್ಕೆ ಹಣವನ್ನೊದಗಿಸಿದ ನಾಡಿನ ಕಥೆಯೊಂದು, ದಳವನ್ನೆದುರಿಸಿದ ಜರ್ಮನ್ ವೈಮಾನಿಕರ ಯುದ್ಧವಿದ್ಯೆಯ ಕಥೆ ಇನ್ನೊಂದು. ಎರಡನೆಯದು ಓಸ್ವಾಲ್ಡ್ ಬ್ಯೋಲ್ಕೆ ಎಂಬ ತರುಣನ ಜೀವನಚರಿತ್ರೆಯೇ ಆಗಿದೆ. ಹೈದರಾಬಾದು ದಳವು ಯುದ್ಧಕ್ಕಿಳಿಯುವುದಕ್ಕೆ ಸುಮಾರು ಎರಡು ವರ್ಷ ಮೊದಲೇ ಅವನು ಮಡಿದಿದ್ದನು. ಆದರೂ ಅದನ್ನೆದುರಿಸಿದವರೆಲ್ಲರೂ ಅವನು ಹಾಕಿಕೊಟ್ಟ ದಾರಿಯಲ್ಲಿ ನಡೆದವರು.

೨

ಸೈನ್ಯದ ವೆಚ್ಚವನ್ನು ದೋಆಬವು ಹೊತ್ತುದು ೧೯೧೮ರಲ್ಲಿಯೇ ಮೊದಲಲ್ಲ. ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಈ ನೆಲಕ್ಕಾಗಿ ತಲೆತಲಾಂತರದಿಂದ ಹೋರಾಡಿದರು. ೧೫೨೦ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಹಿಡಿದನು. ಆ ಯುದ್ಧದಲ್ಲಿ ಫಿರಂಗಿಗಳು ಮೊಳಗಿದುದನ್ನೂ, ಕ್ರಿಸ್ಟೋವಾವೋ ದ ಫಿಗೆಯ್‌ರೇದೋ ಎಂಬ ಪೋರ್ಚುಗೀಸನು ತನ್ನ ಬಂದೂಕುಗಾರರೊಡನೆ ಕೋಟೆಯ ಮುತ್ತಿಗೆಯಲ್ಲಿ ರಾಯನಿಗೆ ನೆರವಾದುದನ್ನೂ ನೂನಿಜನ ವೃತ್ತಾಂತದಿಂದ ತಿಳಿಯಬಹುದು. ಹೊಸ ಹೊಸ ಆಯುಧಗಳ ಪರೀಕ್ಷೆಯು ಈ ನೆಲದ ಮೇಲೆ ಅಂದೇ ನಡೆದಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಹೊರೆ ಬೇರೆ ಬಗೆಯದು. ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿದ್ದ 'ಹೈದರಾಬಾದು ಕಂಟಿಂಜೆಂಟ್' ಎಂಬ ಸೈನ್ಯದ ಸಂಬಳಸಾರಿಗೆಯನ್ನು ನಿಜಾಮರ ಸರ್ಕಾರವು ಕೊಡಬೇಕಾಗಿತ್ತು. ಹಣವು ಬಾಕಿ ಬಿದ್ದು ಸಾಲವು ಬೆಳೆಯಿತು. ೧೮೫೩ರ ಒಪ್ಪಂದದಂತೆ ಬೇರಾರ್ ಪ್ರಾಂತವೂ ಧಾರಾಶಿವವೂ ರಾಯಚೂರು ದೋಆಬವೂ ಆ ಸೈನ್ಯದ ವೆಚ್ಚಕ್ಕಾಗಿ ಈಸ್ಟ್ ಇಂಡಿಯಾ ಕಂಪೆನಿಯ ಆಡಳಿತಕ್ಕೆ ಒಪ್ಪಿಸಲ್ಪಟ್ಟುವು. ಏಳು ವರ್ಷಗಳ ತರುವಾಯ, ೧೮೬೦ರ ಒಪ್ಪಂದದಲ್ಲಿ, ೧೮೫೭ರ ದಂಗೆಯ ಕಾಲದಲ್ಲಿ ನಿಜಾಮರು ತೋರಿದ ನಿಷ್ಠೆಗೆ ಪ್ರತಿಫಲವಾಗಿ ಐವತ್ತು ಲಕ್ಷ ರೂಪಾಯಿಗಳ ಸಾಲವು ರದ್ದಾಗಿ, ಧಾರಾಶಿವವೂ ದೋಆಬವೂ ಹಿಂದಿರುಗಿದುವು. ಸುರಪುರದ ಸೀಮೆಯೂ ನಿಜಾಮರಿಗೆ ದೊರೆಯಿತು. ಒಂದು ಸೈನ್ಯದ ಸಂಬಳಕ್ಕಾಗಿ ಒಂದು ನಾಡನ್ನೇ ಒತ್ತೆಯಿಟ್ಟು, ಒಂದು ಯುದ್ಧದಲ್ಲಿನ ನಿಷ್ಠೆಗಾಗಿ ಅದನ್ನು ಬಿಡಿಸಿಕೊಂಡ ಈ ಪ್ರಸಂಗವನ್ನು ನೆನಪಿನಲ್ಲಿಟ್ಟರೆ ೧೯೧೮ರ ಕೊಡುಗೆಯ ಅರ್ಥವು ಸ್ಪಷ್ಟವಾಗುತ್ತದೆ. ನಿಜಾಮರ ರಾಜನೀತಿಯಲ್ಲಿ ಸೈನ್ಯಕ್ಕೆ ತೆತ್ತ ಹಣವು ಬರಿಯ ವೆಚ್ಚವಾಗಿರಲಿಲ್ಲ. ತಮ್ಮ ಪದವಿಯನ್ನೂ ನೆಲವನ್ನೂ ಕಾಯ್ದುಕೊಳ್ಳುವ ಸಾಧನವಾಗಿತ್ತು.

೩

ಓಸ್ವಾಲ್ಡ್ ಬ್ಯೋಲ್ಕೆ ೧೮೯೧ರ ಮೇ ೧೯ರಂದು ಸಾಕ್ಸನಿ ಪ್ರಾಂತದ ಹಾಲೆ ಪಟ್ಟಣದ ಬಳಿಯ ಗೀಬಿಖೆನ್‌ಷ್ಟೈನ್ ಎಂಬಲ್ಲಿ ಹುಟ್ಟಿದನು. ತಂದೆ ಶಾಲೆಯ ಉಪಾಧ್ಯಾಯ. ಕುಟುಂಬವು ಮುಂದೆ ಡೆಸ್ಸೌ ಪಟ್ಟಣದಲ್ಲಿ ನೆಲಸಿತು. ಬಾಲ್ಯದಲ್ಲಿ ಉಬ್ಬಸದಿಂದ ನರಳಿದರೂ ಈಜು ಮೊದಲಾದ ವ್ಯಾಯಾಮಗಳಿಂದ ಅವನು ದೇಹವನ್ನು ಗಟ್ಟಿಮಾಡಿಕೊಂಡನು. ಸೈನಿಕನಾಗಬೇಕೆಂಬ ಹಂಬಲದಿಂದ ಹುಡುಗನಾಗಿರುವಾಗಲೇ ಚಕ್ರವರ್ತಿ ಕೈಸರನಿಗೆ ತಾನೇ ಕಾಗದ ಬರೆದನೆಂದು ಪ್ರಸಿದ್ಧಿಯಿದೆ. ೧೯೧೧ರಲ್ಲಿ ಕೋಬ್ಲೆನ್ಸಿನ ತಂತಿವರ್ತಮಾನದ ಪಟಾಲಮನ್ನು ಸೇರಿ, ೧೯೧೪ರಲ್ಲಿ ಹಾಲ್ಬರ್‌ಷ್ಟಾಟ್‌ನಲ್ಲಿ ವಿಮಾನ ನಡೆಸುವುದನ್ನು ಕಲಿತನು. ಅವನು ಶಿಕ್ಷಣವನ್ನು ಮುಗಿಸುವ ವೇಳೆಗೆ ಮಹಾಯುದ್ಧವು ಆರಂಭವಾಗಿತ್ತು.

ಆಗ ವಿಮಾನಗಳ ಕೆಲಸವು ಶತ್ರುವಿನ ಚಲನವಲನಗಳನ್ನು ನೋಡಿಬರುವುದಷ್ಟೇ. ಓಸ್ವಾಲ್ಡನು ವಿಮಾನವನ್ನು ನಡೆಸಿದರೆ ಅವನ ಅಣ್ಣ ವಿಲ್‌ಹೆಲ್ಮನು ಹಿಂದೆ ಕುಳಿತು ನೋಡಿದುದನ್ನು ಬರೆದುಕೊಳ್ಳುತ್ತಿದ್ದನು. ೧೯೧೫ರಲ್ಲಿ ಈ ಸ್ಥಿತಿ ಬದಲಾಯಿತು. ಮುಂದಿರುವ ಪ್ರೊಪೆಲ್ಲರಿನ ಅಲಗುಗಳಿಗೆ ತಾಕದಂತೆ ಅವುಗಳ ನಡುವಣ ತೆರಪಿನಲ್ಲಿಯೇ ಗುಂಡುಗಳು ಹಾದುಹೋಗುವ ಯಂತ್ರದ ಕೀಲನ್ನು ಫೊಕ್ಕರನ ಒಂಟಿರೆಕ್ಕೆಯ ವಿಮಾನಗಳಿಗೆ ಅಳವಡಿಸಿದರು. ಇದರಿಂದ ವಿಮಾನದ ಮೂತಿಯೇ ಬಂದೂಕಿನ ಗುರಿಯಾಯಿತು. ವಿಮಾನವನ್ನು ತಿರುಗಿಸಿದರೆ ಬಂದೂಕನ್ನು ತಿರುಗಿಸಿದಂತೆಯೇ. ಡುವೇ ಪಟ್ಟಣದ ನೆಲೆಯಿಂದ ಬ್ಯೋಲ್ಕೆಯೂ ಡ್ರೆಸ್‌ಡೆನ್ನಿನ ಮಾಕ್ಸ್ ಇಮ್ಮೆಲ್‌ಮನ್ನನೂ ಈ ಹೊಸ ಆಯುಧವನ್ನು ಬಳಸಿ ಹೆಸರಾದರು. ೧೯೧೬ರ ಜನವರಿ ೧೨ರಂದು ಇಬ್ಬರಿಗೂ ಪ್ರಷ್ಯದ ಅತ್ಯುನ್ನತ ಸೇನಾಪದಕವಾದ 'ಪೂರ್ ಲ ಮೆರೀತ್' ದೊರೆಯಿತು. ವೈಮಾನಿಕರಲ್ಲಿ ಅದನ್ನು ಪಡೆದವರಲ್ಲಿ ಇವರೇ ಮೊದಲಿಗರು. ಡುವೇ ನಗರದ ಕಾಲುವೆಯಲ್ಲಿ ಮುಳುಗುತ್ತಿದ್ದ ಫ್ರೆಂಚ್ ಬಾಲಕನೊಬ್ಬನನ್ನು ೧೯೧೫ರ ಆಗಸ್ಟ್ ತಿಂಗಳಲ್ಲಿ ಬ್ಯೋಲ್ಕೆ ನೀರಿಗೆ ಹಾರಿ ಉಳಿಸಿದನು. ಅದಕ್ಕಾಗಿ ಬಂದ ಪ್ರಾಣರಕ್ಷಣೆಯ ಪದಕವೂ ಅವನ ಎದೆಯ ಮೇಲಿತ್ತು.

೧೯೧೬ರ ಜೂನ್ ೧೮ರಂದು ಇಮ್ಮೆಲ್‌ಮನ್ನನು ಮಡಿದನು. ಇನ್ನೊಬ್ಬ ವೀರನನ್ನೂ ಕಳೆದುಕೊಳ್ಳಲಾರದೆ ಕೈಸರನು ಬ್ಯೋಲ್ಕೆಯನ್ನು ಕಾಳಗದಿಂದ ಹಿಂದೆಗೆದು ಬಾಲ್ಕನ್ ಮತ್ತು ತುರ್ಕಿ ದೇಶಗಳ ಪ್ರವಾಸಕ್ಕೆ ಕಳುಹಿಸಿದನು. ಈ ಕಾಲದಲ್ಲಿಯೇ ಬ್ಯೋಲ್ಕೆ ತನ್ನ ಅನುಭವವನ್ನು ಎಂಟು ಕಟ್ಟಳೆಗಳಾಗಿ ಸಂಗ್ರಹಿಸಿದನು. ಅವುಗಳ ಸಾರವಿಷ್ಟು: ಮೇಲೇರುವ ಮೊದಲೇ ಅನುಕೂಲವನ್ನು ಗಳಿಸಿಕೊಳ್ಳಬೇಕು, ಸೂರ್ಯನು ತನ್ನ ಬೆನ್ನಿಗಿರಬೇಕು, ಎತ್ತಿದ ಕಾರ್ಯವನ್ನು ಕೊನೆಗಾಣಿಸಬೇಕು, ಹತ್ತಿರಕ್ಕೆ ಹೋದ ಹೊರತು ಗುಂಡು ಹಾರಿಸಬಾರದು, ಎದುರಾಳಿಯಿಂದ ಕಣ್ಣು ತೆಗೆಯಬಾರದು, ಹಿಂದಿನಿಂದ ಎರಗಬೇಕು, ತನ್ನ ಮೇಲೆ ಎರಗಿದವನಿಂದ ಓಡದೆ ಅವನಿಗೆ ಇದಿರಾಗಿ ತಿರುಗಬೇಕು, ಶತ್ರುವಿನ ನೆಲದ ಮೇಲಿರುವಾಗ ಹಿಂದಿರುಗುವ ದಾರಿಯನ್ನು ಮರೆಯಬಾರದು, ನಾಲ್ವರೋ ಆರ್ವರೋ ಗುಂಪಾಗಿ ಕಾದಬೇಕು, ಒಬ್ಬ ಶತ್ರುವಿನ ಮೇಲೆ ಹಲವರು ಬೀಳಬಾರದು. ಇವುಗಳಲ್ಲಿ ಕೊನೆಯದೇ ಅತ್ಯಂತ ಮಹತ್ತ್ವದ್ದು. ಅದುವರೆಗೆ ವಿಮಾನಕಾಳಗವೆಂದರೆ ಒಬ್ಬೊಬ್ಬ ಶೂರನ ಬೇಟೆ. ಅದನ್ನು ಕಲಿಸಬಹುದಾದ ವಿದ್ಯೆಯನ್ನಾಗಿ ಮಾರ್ಪಡಿಸಿದವನು ಈ ಉಪಾಧ್ಯಾಯನ ಮಗ.

ಸೋಮ್ ನದಿಯ ಮಹಾಕಾಳಗವು ಜರ್ಮನರಿಗೆ ಇಕ್ಕಟ್ಟಾದಾಗ ಅವನನ್ನು ಮತ್ತೆ ಕರೆಯಿಸಿ ಎರಡನೆಯ 'ಯಾಗ್ಡ್‌ಷ್ಟಾಫೆಲ್', ಎಂದರೆ ಬೇಟೆದಳವನ್ನು ಒಪ್ಪಿಸಿದರು. ಶಿಷ್ಯರನ್ನು ಅವನೇ ಆರಿಸಿದನು. ಪೂರ್ವರಂಗದ ಕೋವೆಲ್ಲಿನಲ್ಲಿ ಕಂಡು ಕರೆತಂದವರಲ್ಲಿ ಮಾನ್‌ಫ್ರೆಡ್ ಫೋನ್ ರಿಖ್ಟ್‌ಹೋಫೆನ್, ಎರ್ವಿನ್ ಬ್ಯೋಮೆ ಎಂಬಿಬ್ಬರು ಇದ್ದರು. ಹೊಸ ವಿಮಾನಗಳು ಬರುವವರೆಗೂ ಪಾಠ ಹೇಳುತ್ತಿದ್ದು, ೧೯೧೬ರ ಸೆಪ್ಟೆಂಬರ್ ೧೭ರಂದು ಮೊದಲ ಬಾರಿಗೆ ದಳವನ್ನು ಒಟ್ಟಾಗಿ ಕಾಳಗಕ್ಕೆ ಕರೆದೊಯ್ದನು. ಆ ಎರಡು ತಿಂಗಳುಗಳಲ್ಲಿ ಅವನೊಬ್ಬನೇ ಇಪ್ಪತ್ತೊಂದು ವಿಮಾನಗಳನ್ನು ಕೆಡಹಿ, ಒಟ್ಟು ಸಂಖ್ಯೆಯನ್ನು ನಲವತ್ತಕ್ಕೇರಿಸಿದನು. ಅಕ್ಟೋಬರ್ ೨೮ರಂದು ಬ್ರಿಟಿಷರ ಡಿ. ಹೆಚ್. ೨ ವಿಮಾನಗಳೊಡನೆ ಕಾದುತ್ತಿರುವಾಗ ಮಿತ್ರನಾದ ಬ್ಯೋಮೆಯ ವಿಮಾನವು ಅವನ ರೆಕ್ಕೆಗೆ ತಾಕಿತು. ಬ್ಯೋಲ್ಕೆ ಕೆಳಕ್ಕೆ ಬಿದ್ದು ಸತ್ತನು. ಆಗ ಅವನಿಗೆ ಇಪ್ಪತ್ತೈದು ವರ್ಷ. ಶತ್ರುಗಳಾದ ಬ್ರಿಟಿಷ್ ವೈಮಾನಿಕರು ಆಕಾಶದಿಂದ ಅವನಿಗಾಗಿ ಪುಷ್ಪಚಕ್ರವನ್ನು ಕೆಳಗಿಳಿಸಿದರು. ಅವನ ದಳಕ್ಕೆ ಅವನ ಹೆಸರನ್ನೇ ಇಡಲಾಯಿತು. ಆ ವಿದ್ಯೆಯು ಶಿಷ್ಯರಿಂದ ಶಿಷ್ಯರಿಗೆ ಹರಿದು ಜರ್ಮನಿಯ ಎಲ್ಲ ಬೇಟೆದಳಗಳ ನಡವಳಿಯಾಯಿತು.

೪

ಇನ್ನು ಹೈದರಾಬಾದಿನ ಕಡೆ. ಏಳನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರು ಯುದ್ಧದ ಆರಂಭದಿಂದಲೇ ಬ್ರಿಟಿಷರ ಪಕ್ಷವನ್ನು ಹಿಡಿದರು. ತುರ್ಕಿಯು ಜರ್ಮನಿಯನ್ನು ಕೂಡಿಕೊಂಡು ಖಲೀಫನ ಹೆಸರಿನಲ್ಲಿ ಧರ್ಮಯುದ್ಧವನ್ನು ಸಾರಿದಾಗ, ಭಾರತದ ಮುಸಲ್ಮಾನರು ಬ್ರಿಟಿಷರಿಗೆ ನಿಷ್ಠರಾಗಿರಬೇಕೆಂದು ಅವರು ಪ್ರಕಟಣೆ ಹೊರಡಿಸಿದರು. ಸೈನ್ಯವನ್ನೂ ಅಪಾರವಾದ ಧನವನ್ನೂ ಒದಗಿಸಿದರು. ೧೯೧೮ರಲ್ಲಿ ಅವರಿಗೆ ಇತರ ಯಾವ ದೇಶೀಯ ಪ್ರಭುವಿಗೂ ಇಲ್ಲದ ಉನ್ನತ ಸಂಬೋಧನೆಯೂ 'ಬ್ರಿಟಿಷ್ ಸರ್ಕಾರದ ನಂಬುಗೆಯ ಮಿತ್ರ'ರೆಂಬ ಬಿರುದೂ ದೊರೆತುವು.

ನೂರಹತ್ತನೆಯ ಸ್ಕ್ವಾಡ್ರನ್ ೧೯೧೭ರ ನವೆಂಬರಿನಲ್ಲಿ ಇಂಗ್ಲೆಂಡಿನ ರೆಂಡ್‌ಕೂಮ್‌ನಲ್ಲಿ ರಚಿತವಾಯಿತು. ಅದರ ಮೊದಲ ಡಿ. ಹೆಚ್. ೯ಎ ವಿಮಾನಗಳೆಲ್ಲವೂ ನಿಜಾಮರ ಕೊಡುಗೆ. ಒಂದೊಂದರ ಮೇಲೂ ಹೈದರಾಬಾದೆಂಬ ಹೆಸರೂ ಕ್ರಮಸಂಖ್ಯೆಯೂ ಇದ್ದುವು. ಈ ವಿಮಾನಕ್ಕೆ ಅಮೆರಿಕದಲ್ಲಿ ರೂಪಿತವಾದ ನಾಲ್ಕುನೂರು ಕುದುರೆಶಕ್ತಿಯ 'ಲಿಬರ್ಟಿ' ಎಂಜಿನನ್ನು ಜೋಡಿಸಿದ್ದರು. ಮುಂದೆ ನಡೆಸುವವನು, ಹಿಂದೆ ಬಂದೂಕು ಹಿಡಿದ ಸಂಗಡಿಗನು, ಹೀಗೆ ಇಬ್ಬರು. ಇದನ್ನು ರೂಪಿಸಿದವನು ಜೆಫ್ರಿ ಡಿ ಹ್ಯಾವಿಲೆಂಡ್. ಬ್ಯೋಲ್ಕೆಯು ತನ್ನ ಕೊನೆಯ ಕಾಳಗದಲ್ಲಿ ಎದುರಿಸಿದ ಡಿ. ಹೆಚ್. ೨ ಕೂಡ ಅವನದೇ ರಚನೆ.

ಈ ಹಣವು ಸಂಸ್ಥಾನದ ದಿವಾನಿ ಬೊಕ್ಕಸದ್ದೆಂದು ಎಣಿಸಿದರೂ ಪ್ರಭುವಿನ ಖಾಸಗಿ ಖಜಾನೆಯದೆಂದು ಎಣಿಸಿದರೂ ಎರಡಕ್ಕೂ ಮೂಲವು ನೆಲವೇ. ಹೈದರಾಬಾದು ಸರ್ಕಾರದ ಆದಾಯದಲ್ಲಿ ಭೂಕಂದಾಯದ್ದೇ ದೊಡ್ಡ ಪಾಲು. ಪಟವಾರಿಯ ಲೆಕ್ಕದ ಕಾಗದದಿಂದ ತಹಸೀಲಿಗೆ, ತಹಸೀಲಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜಧಾನಿಗೆ ಸೇರುವ ಹಣದಲ್ಲಿ ಕುರ್ಡಿಯ ರೂಪಾಯಿಯನ್ನು ಬೇರ್ಪಡಿಸಿ ತೋರಿಸುವಂತಿಲ್ಲ. ಹೊಳೆಗೆ ಸೇರಿದ ಹಳ್ಳದ ನೀರು ಹೇಗೋ ಹಾಗೆ. ಆದರೆ ಹಳ್ಳಗಳಿಲ್ಲದೆ ಹೊಳೆಯಿಲ್ಲ. ಈ ದೃಷ್ಟಿಯಿಂದ, ಬಂದೂಕು ಹಿಡಿಯದ ದೋಆಬದ ರಯತನೂ ಆ ಯುದ್ಧದಲ್ಲಿ ಭಾಗಿಯಾದವನೇ.

೫

ದಳವು ೧೯೧೮ರ ಸೆಪ್ಟೆಂಬರ್ ಮೊದಲಲ್ಲಿ ಫ್ರಾನ್ಸಿನ ಬೆತೊಂಕೂರ್ ಎಂಬ ನೆಲೆಯನ್ನು ಸೇರಿ, ಟ್ರೆಂಚಾರ್ಡನ ನಾಯಕತ್ವದಲ್ಲಿದ್ದ ಸ್ವತಂತ್ರ ವಾಯುಪಡೆಯ ಅಂಗವಾಯಿತು. ರಣರೇಖೆಯನ್ನು ದಾಟಿ ಜರ್ಮನಿಯ ಒಳನಾಡಿನ ಕಾರ್ಖಾನೆ, ರೈಲುನಿಲ್ದಾಣ, ವಿಮಾನದ ನೆಲೆಗಳ ಮೇಲೆ ಬಾಂಬು ಹಾಕುವುದು ಈ ಪಡೆಯ ಕೆಲಸ. ಹೈದರಾಬಾದು ದಳದ ಮೊದಲ ದಾಳಿ ಸೆಪ್ಟೆಂಬರ್ ೧೪ರಂದು ಬೂಲೇ ಎಂಬಲ್ಲಿನ ವಿಮಾನನೆಲೆಯ ಮೇಲೆ ನಡೆಯಿತು. ಸೆಪ್ಟೆಂಬರ್ ೨೫ರಂದು ಫ್ರಾಂಕ್‌ಫರ್ಟ್ ನಗರದ ಮೇಲೆ ಹೋದಾಗ ನಾಲ್ಕು ವಿಮಾನಗಳು ನಷ್ಟವಾದುವು. ಅಕ್ಟೋಬರ್ ೫ರಂದು ಕೈಸರ್ಸ್‌ಲೌಟರ್ನ್ ಮತ್ತು ಪಿರ್ಮಾಸೆನ್ಸ್ ಕಡೆಯ ದಾಳಿಯಲ್ಲಿ ಇನ್ನು ನಾಲ್ಕು ಹೋದುವು. ಅಕ್ಟೋಬರ್ ೨೧ರಂದು ಒಂದೇ ದಿನದಲ್ಲಿ ಏಳು ವಿಮಾನಗಳು ಹಿಂದಿರುಗಲಿಲ್ಲ.

ಇದು ಧೈರ್ಯದ ಕೊರತೆಯಿಂದ ಒದಗಿದ ಸೋಲಲ್ಲ. ಬೆತೊಂಕೂರಿನಿಂದ ಫ್ರಾಂಕ್‌ಫರ್ಟಿಗೆ ಇನ್ನೂರೈವತ್ತು ಕಿಲೋಮೀಟರುಗಳಿಗೂ ಮಿಕ್ಕಿದ ದೂರ. ಅಷ್ಟು ದೂರ ಕಾವಲಾಗಿ ಹೋಗಬಲ್ಲ ಬೇಟೆವಿಮಾನಗಳು ಬ್ರಿಟಿಷರಲ್ಲಿರಲಿಲ್ಲವಾದುದರಿಂದ ಬಾಂಬುವಿಮಾನಗಳು ತಮ್ಮನ್ನು ತಾವೇ ಕಾಯ್ದುಕೊಳ್ಳಬೇಕಾಗಿತ್ತು. ಒಂದರ ಹಿಂಬದಿಯ ಬಂದೂಕು ಇನ್ನೊಂದನ್ನು ರಕ್ಷಿಸುವಂತೆ ಒತ್ತಾದ ಸಾಲುಗಟ್ಟಿ ಹಾರುವುದೊಂದೇ ಅವುಗಳಿಗಿದ್ದ ಉಪಾಯ. ಸಾಲು ಬಿಗಿಯಾಗಿರುವವರೆಗೆ ಕ್ಷೇಮ. ಮೋಡದಿಂದಾಗಲಿ, ಎಂಜಿನಿನ ದೋಷದಿಂದಾಗಲಿ, ಫಿರಂಗಿಯ ಸಿಡಿತದಿಂದಾಗಲಿ ಸಾಲು ಚೆದರಿದರೆ ಹಿಂದುಳಿದ ವಿಮಾನವು ಒಂಟಿಯಾಗುತ್ತಿತ್ತು. ಜರ್ಮನ್ ಬೇಟೆದಳಗಳೂ ಪಟ್ಟಣಗಳ ಕಾವಲಿಗಿದ್ದ ಸ್ವದೇಶರಕ್ಷಣೆಯ ದಳಗಳೂ ಕಾಯುತ್ತಿದ್ದುದು ಆ ಕ್ಷಣಕ್ಕಾಗಿಯೇ. ಎತ್ತರದಲ್ಲಿ ಮುಂಚಿತವಾಗಿ ನೆಲೆಗೊಳ್ಳುವುದು, ಬಿಸಿಲನ್ನು ಬೆನ್ನಿಗಿಟ್ಟುಕೊಂಡು ಹಿಂದಿನಿಂದ ಎರಗುವುದು, ಗುಂಪಾಗಿ ಕಾದುವುದು, ಹತ್ತಿರದಿಂದ ಹೊಡೆಯುವುದು—ಬ್ಯೋಲ್ಕೆಯ ಕಟ್ಟಳೆಗಳೆಲ್ಲವೂ ಇಲ್ಲಿ ಅವರಿಗೆ ಅನುಕೂಲವಾಗಿದ್ದುವು. ಹಿಂದಿರುಗುವ ದಾರಿಯ ಚಿಂತೆ ಅವರಿಗಿರಲಿಲ್ಲ, ಕೆಳಗಿದ್ದುದು ಅವರ ನೆಲವೇ. ೧೯೧೮ರ ವಸಂತಕಾಲದಿಂದ ಬಳಕೆಗೆ ಬಂದ ಫೊಕ್ಕರ್ ಡಿ. ೭ ವಿಮಾನವು ಅವರ ಬಲವನ್ನು ಇನ್ನೂ ಹೆಚ್ಚಿಸಿತ್ತು. ಯುದ್ಧವಿರಾಮದ ಕರಾರಿನಲ್ಲಿ ಇದನ್ನು ಹೆಸರಿಸಿಯೇ ಒಪ್ಪಿಸಬೇಕೆಂದು ಮಿತ್ರರಾಷ್ಟ್ರಗಳು ವಿಧಿಸಿದುದು ಅದರ ಯೋಗ್ಯತೆಗೆ ಸಾಕ್ಷಿ.

ಒಟ್ಟಿನಲ್ಲಿ ಹೈದರಾಬಾದು ದಳವು ಹಾಕಿದ ಬಾಂಬುಗಳ ತೂಕ ಹತ್ತೂವರೆ ಟನ್ನು. ಶತ್ರುವಿನಿಂದ ನಷ್ಟವಾದ ವಿಮಾನಗಳು ೧೭. ಅಪಘಾತಗಳಲ್ಲಿ ಮುರಿದುವು ೨೮. ಈ ಎರಡು ಸಂಖ್ಯೆಗಳನ್ನು ಕೂಡಿಸಿ ಲೆಕ್ಕ ಹಾಕಿದರೆ ಹೋದ ವಿಮಾನವೊಂದಕ್ಕೆ ಬಿದ್ದ ಬಾಂಬು ಕಾಲು ಟನ್ನಿಗೂ ಕಡಮೆ. ಅದು ಒಂದು ವಿಮಾನವು ಒಂದು ಸಲ ಹೊತ್ತೊಯ್ಯುವ ಭಾರಕ್ಕೆ ಸರಿಸುಮಾರು ಸಮವಾದುದು. ಒಂದೊಂದು ವಿಮಾನವೂ ಒಂದು ಸಲದ ಹೊರೆಯನ್ನು ಇಳಿಸಿ ನಾಶವಾದಂತೆ ಎಂದರೆ ಲೆಕ್ಕದ ಮಟ್ಟಿಗೆ ತಪ್ಪಾಗದು. ಮುರಿದ ಯಂತ್ರಕ್ಕೆ ಬದಲು ಯಂತ್ರ ಬರುತ್ತಿತ್ತು. ಅದರೊಡನೆ ಮಡಿದ ಅಥವಾ ಸೆರೆಸಿಕ್ಕ ತರುಣರ ಲೆಕ್ಕ ಬೇರೆ.

೬

ಅದೇ ಕಾಲದಲ್ಲಿ ಕನ್ನಡನಾಡಿನ ಬೇರೊಂದು ಸಂಸ್ಥಾನದ ಸೈನಿಕರು ಇನ್ನೊಂದು ರಂಗದಲ್ಲಿದ್ದರು. ಫ್ರಾಂಕ್‌ಫರ್ಟ್ ದಾಳಿಗೆ ಎರಡು ದಿನ ಮೊದಲು, ಸೆಪ್ಟೆಂಬರ್ ೨೩ರಂದು, ಮೈಸೂರಿನ ಮತ್ತು ಜೋಧಪುರದ ಭಲ್ಲೆಯ ಸವಾರರು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಕುದುರೆಯ ಮೇಲೆ ನುಗ್ಗಿ ಹಿಡಿದರು. ಹೈದರಾಬಾದಿನ ಸವಾರರೂ ಅದೇ ಬ್ರಿಗೇಡಿನಲ್ಲಿದ್ದವರು. ಮೂರು ಸಂಸ್ಥಾನಗಳ ಈ ಸವಾರರ ಸ್ಮರಣೆಗಾಗಿ ದಿಲ್ಲಿಯಲ್ಲಿ ಮೂರು ಪ್ರತಿಮೆಗಳು ನಿಂತಿವೆ. ಸವಾರನಿಗೆ ಮುಖವುಂಟು, ಊರುಂಟು. ಆದುದರಿಂದ ಪ್ರತಿಮೆಯೂ ಉಂಟು. ಕಂದಾಯ ಕೊಟ್ಟವನಿಗೆ ಅಂತಹ ರೂಪವಿಲ್ಲ.

ಆ ವರ್ಷ ಕಂದಾಯ ಕೊಟ್ಟವನ ಸ್ಥಿತಿಯಾದರೂ ಎಂತಹದು? ೧೯೧೮ರ ಮುಂಗಾರು ದಖ್ಖನದ ಬಹುಭಾಗದಲ್ಲಿ ಕೈಕೊಟ್ಟಿತು. ಯುದ್ಧದಿಂದ ಏರಿದ್ದ ಧಾನ್ಯದ ಬೆಲೆ ಇನ್ನೂ ಏರಿತು. ಆ ಶರತ್ಕಾಲದಲ್ಲಿಯೇ ಇನ್‌ಫ್ಲುಯೆಂಜಾ ಜ್ವರವು ದೇಶವನ್ನು ಮುತ್ತಿ, ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ಹೈದರಾಬಾದಿನ ಹೆಸರು ಹೊತ್ತ ವಿಮಾನಗಳು ರೈನ್ ನದಿಯ ಮೇಲೆ ಹಾರುತ್ತಿದ್ದ ವಾರಗಳೂ ಈ ಜ್ವರವು ದಖ್ಖನದ ಹಳ್ಳಿಗಳನ್ನು ಹೊಕ್ಕ ವಾರಗಳೂ ಒಂದೇ. ಎರಡನ್ನೂ ಒಂದೇ ಪುಟದಲ್ಲಿಟ್ಟು ನೋಡಿದಾಗ ಮಾತ್ರ ಕೊಡುಗೆಯ ನಿಜವಾದ ಬೆಲೆ ಎಷ್ಟೆಂಬುದು ಅರಿವಾಗುತ್ತದೆ.

೭

ದಳದ ವಿಮಾನಗಳಲ್ಲಿ ಇಂದಿಗೆ ಉಳಿದಿರುವ ಒಂದರ ಕಥೆ ವಿಚಿತ್ರವಾದುದು. ಅದರ ಸಂಖ್ಯೆ ಎಫ್. ೧೦೧೦, ಇಂಗ್ಲೆಂಡಿನ ಯೋವಿಲ್ ಪಟ್ಟಣದ ವೆಸ್ಟ್‌ಲೆಂಡ್ ಕಾರ್ಖಾನೆಯಲ್ಲಿ ತಯಾರಾದುದು. ಅಕ್ಟೋಬರ್ ೫ರ ದಾಳಿಯಲ್ಲಿ ಅದು ಜರ್ಮನರ ನೆಲದಲ್ಲಿ ಇಳಿಯಬೇಕಾಯಿತು. ನಡೆಸುತ್ತಿದ್ದ ಕ್ಯಾಪ್ಟನ್ ಇಂಗ್ಲಿಸನೂ ಸಂಗಡಿಗನಾದ ಬಾಡ್ಲಿಯೂ ಸೆರೆಯಾದರು. ಗೆದ್ದವರು ವಿಮಾನವನ್ನು ಜಯಚಿಹ್ನೆಯಾಗಿ ಇಟ್ಟುಕೊಂಡರು. ಅದು ಮುಂದೆ ಬರ್ಲಿನ್ನಿನ ವಿಮಾನ ಸಂಗ್ರಹಾಲಯವನ್ನು ಸೇರಿತು. ಎರಡನೆಯ ಮಹಾಯುದ್ಧದಲ್ಲಿ ಬರ್ಲಿನ್ನಿನ ಮೇಲೆ ಬಾಂಬುಗಳು ಬೀಳತೊಡಗಿದಾಗ ಅಲ್ಲಿನ ಹಲವು ವಿಮಾನಗಳೊಡನೆ ಅದನ್ನೂ ಪೂರ್ವಕ್ಕೆ ಸಾಗಿಸಿದರು. ಯುದ್ಧಾನಂತರ ಅದು ಪೋಲೆಂಡಿನ ಕ್ರಾಕೋ ನಗರದ ಪಾಲಾಯಿತು. ೧೯೭೭ರಲ್ಲಿ ಬ್ರಿಟಿಷರು ಒಂದು ಸ್ಪಿಟ್‌ಫೈರ್ ವಿಮಾನವನ್ನು ಕೊಟ್ಟು ಇದನ್ನು ಪಡೆದರು. ಹಿಂದಿರುಗಿ ಬಂದ ವಿಮಾನಗಳು ಹಳೆಯವಾಗಿ ಕಣ್ಮರೆಯಾದುವು. ಶತ್ರುವಿನ ಕೈಸೇರಿದುದು ಮಾತ್ರ ಉಳಿಯಿತು. ಇತಿಹಾಸದ ಸಾಮಗ್ರಿಯು ಅನೇಕ ವೇಳೆ ಹೀಗೆ ಎದುರಾಳಿಯ ಉಗ್ರಾಣದಿಂದಲೇ ದೊರೆಯುತ್ತದೆ. ರಾಯಚೂರಿನ ಕಾಳಗದ ವಿವರಗಳಿಗೆ ಪೋರ್ಚುಗೀಸನ ಬರಹವನ್ನು ನೋಡಬೇಕಾದಂತೆಯೇ ಇದೂ.

ಹೈದರಾಬಾದಿನ ಹೆಸರು ಬ್ರಿಟಿಷ್ ವಾಯುಸೇನೆಯಲ್ಲಿ ಮುಂದೆಯೂ ಉಳಿಯಿತು. ನೂರಹತ್ತನೆಯ ದಳದ ಲಾಂಛನದಲ್ಲಿ ನಿಜಾಮರ ಚಿಹ್ನೆಯ ಹುಲಿಯಿತ್ತು. ೧೯೪೦ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಜರ್ಮನರನ್ನು ಎದುರಿಸಿದ ದಳಗಳಲ್ಲಿ ೧೫೨ ಮತ್ತು ೨೫೩ನೆಯವು ಹೈದರಾಬಾದಿನ ಹೆಸರಿನವು. ಜರ್ಮನಿಯ ಕಡೆಯಲ್ಲಿಯೂ ಬ್ಯೋಲ್ಕೆಯ ಹೆಸರನ್ನು ಹೊತ್ತ ವಾಯುಸೇನಾದಳವು ಈಗಲೂ ಇದೆ. ಹೀಗೆ ದಾನಿಯ ಹೆಸರೂ ವೀರನ ಹೆಸರೂ ಸ್ಥಿರವಾದುವು.

ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗಳಿಗೂ ಮಿಕ್ಕಿ ಉದ್ದವಾದ ಕಲ್ಲೊಂದಿದೆ. ಕಾಕತೀಯರ ಸೇನಾನಿಯಾದ ಗೋನ ಗನ್ನಯ ರೆಡ್ಡಿಯ ಕಡೆಯ ವಿಠಲನು ಕೋಟೆಯನ್ನು ಕಟ್ಟಿಸಿದ ಸಂಗತಿಯನ್ನು ಅದರ ಮೇಲಣ ೧೨೯೪ರ ತೆಲುಗು ಶಾಸನವು ಹೇಳುತ್ತದೆ. ಶಾಸನದಲ್ಲಿ ಒಡೆಯರ ಹೆಸರುಗಳೇ ಇವೆ. ಆದರೆ ಗೋಡೆಯ ಮೇಲೆ ಆ ಮಹಾಶಿಲೆಯನ್ನು ಬಂಡಿಯ ಮೇಲಿಟ್ಟು ಕೋಣಗಳನ್ನು ಸಾಲಾಗಿ ಕಟ್ಟಿ ಎಳೆಯಿಸುವ, ಹಿಂದಿನಿಂದ ಜನರು ಸನ್ನೆಗೋಲಿನಿಂದ ನೂಕುವ ಚಿತ್ರವನ್ನೂ ಕೆತ್ತಿದ್ದಾರೆ. ಕಟ್ಟಿಸಿದವನ ಕೀರ್ತಿಯ ಪಕ್ಕದಲ್ಲಿಯೇ ಎಳೆದವರ ಬೆವರಿಗೂ ಸ್ಥಳ ದೊರೆಯಿತು. ಎಫ್. ೧೦೧೦ರ ಮೇಲಿನ ಬರಹದಲ್ಲಿ ಕೊಟ್ಟವರ ಬಿರುದು ಮಾತ್ರ ಇದೆ. ಅದರ ಪಕ್ಕದಲ್ಲಿ ಇರಬೇಕಾಗಿದ್ದ ಚಿತ್ರವನ್ನು ಕಂದಾಯದ ಕಡತಗಳಿಂದಲೂ ಆ ವರ್ಷದ ಮಳೆಬೆಳೆಗಳ ಲೆಕ್ಕದಿಂದಲೂ ಬಿಡಿಸಿ ತೋರಿಸುವ ಕೆಲಸವು ದೋಆಬದ ಇತಿಹಾಸಕಾರರಿಗೆ ಸೇರಿದುದು.